ಕಾಂಪೌಂಡರ್ ಭೀಮರಾಜರ ಓಟ

ಭೀಮರಾಜ್ ಓಡುವಾಗ ತಮ್ಮ ಕಾಲುಗಳ ಜೊತೆ ಮಾತಾಡುತ್ತಿದ್ದರು. ಮನಸ್ಸಿನೊಳಗೆ ಆಡಿಕೊಳ್ಳುವ ಮಾತಲ್ಲ ಅದು. ಎದುರಿಗೆ ಬರುವವರಿಗೆ ಸ್ಪಷ್ಟವಾಗಿ ಕೇಳಿಸುವಷ್ಟು ಗಟ್ಟಿಯಾಗಿ, ಕೊಟ್ಟಿಗೆ ಬಿಟ್ಟು ಬರಲೊಲ್ಲದ ಹಸುವನ್ನು ಪುಸಲಾಯಿಸುವ ದನಿಯಲ್ಲಿ, "ಇನ್ನೊಂದ್ ಕಂಬ ಕಣಪ್ಪಾ, ಒಂದೇ ಒಂದ್ ಕಂಬ" ಎನ್ನುತ್ತಾ ಓಡುತ್ತಿದ್ದರು. ಅವರ ಮನೆಯಿಂದ ಕೆರೆ ಏರಿಯ ತುದಿಯವರೆಗೆ ಅರವತ್ತೆರಡು ಲೈಟುಕಂಬಗಳಿವೆ ಎಂಬುದು ನಮಗೆಲ್ಲ ಗೊತ್ತಾದದ್ದೇ ಅವರಿಂದ. ಆ ಒಂದು ಕಂಬ ಬಂದ ಮೇಲೆ ಮುಂದಿನ ಕಂಬಕ್ಕೂ ಅದೇ ಮಾತು, ಅದೇ ದನಿ. ಹೀಗೆ ದಿನಕ್ಕೆ ಅರವತ್ತೆರಡು ಸಲ ಕಾಲಿಗೆ ಮೋಸ ಮಾಡುವುದು ಸರಿಯೇ ಎಂದು ಯಾರಾದರೂ ಛೇಡಿಸಿದರೆ, "ಕಾಲಿಗೆ ಲೆಕ್ಕ ಬರಲ್ಲ ಸಾರ್" ಎಂದು ನಗುತ್ತಿದ್ದರು.

ಈ ಮಾತು ಓಟಕ್ಕೆ ಮಾತ್ರ ಸೀಮಿತವಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಜಡಿಗೇನಹಳ್ಳಿ ಹೋಬಳಿಯ ಪಶು ಚಿಕಿತ್ಸಾಲಯದಲ್ಲಿ ಇಪ್ಪತ್ತೈದು ವರ್ಷ ಕಾಂಪೌಂಡರಾಗಿ ದುಡಿದ ಈ ಮನುಷ್ಯ, ಕರು ಹಾಕಲು ಒದ್ದಾಡುವ ಹಸುವಿನ ಬೆನ್ನು ಸವರುತ್ತಲೂ ಅದನ್ನೇ ಹೇಳುತ್ತಿದ್ದರು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಬೇಸತ್ತ ಹೆಂಡತಿ ಕವಿತ ಅವರಿಗೂ ಅದನ್ನೇ ಹೇಳಿ ಬೈಸಿಕೊಂಡಿದ್ದರು. ಊರವರು ಅವರನ್ನು ಹಿಂದಿನಿಂದ ಕಂಬದ ಕಾಂಪೌಂಡರ್ ಎಂದು ಕರೆಯುತ್ತಿದ್ದದ್ದು ಅವರಿಗೆ ತಿಳಿಯದ ವಿಷಯವೇನಲ್ಲ.

ಆಳು ಎತ್ತರ, ಮೈ ತೆಳು. ಕಾಲು ಶತಮಾನ ಲಸಿಕೆಯ ಡಬ್ಬವನ್ನು ಎಡಹೆಗಲಿಗೇ ನೇತುಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿದ್ದರ ಫಲವಾಗಿ ಆ ಹೆಗಲು ಒಂದು ಬೆರಳಷ್ಟು ಇಳಿದುಬಿಟ್ಟಿತ್ತು. ಆದ್ದರಿಂದ ಅವರು ಓಡುತ್ತಿದ್ದರೆ, ಇನ್ನೇನು ಎಡಕ್ಕೆ ಯಾವುದೋ ಸಂದಿಗೆ ತಿರುಗಿಬಿಡುತ್ತಾರೆ ಎಂದು ನೋಡುವವರಿಗೆ ಭ್ರಮೆಯಾಗುತ್ತಿತ್ತು. ಚಳಿಗಾಲದಲ್ಲಿ ಇಲಾಖೆಯ ಖಾಕಿ ಕೋಟನ್ನೇ ತೊಟ್ಟು ಓಡುತ್ತಿದ್ದರು. ಅದರ ಎರಡು ಜೇಬಿನಲ್ಲೂ ನಾಯಿಗಳಿಗೆಂದು ಗ್ಲೂಕೋಸ್ ಬಿಸ್ಕತ್ತು ಇರುತ್ತಿತ್ತು. ಓಡುವವರನ್ನು ಕಂಡರೆ ಅಟ್ಟಿಸಿಕೊಂಡು ಬರುವ ಏರಿಯ ನಾಯಿಗಳು ಇವರನ್ನು ಮಾತ್ರ ಹಿಂಬಾಲಿಸಿ ಬರುತ್ತಿದ್ದವು.

ಓಟ ಶುರುವಾದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಪಂಚಾಯಿತಿ ಆವರಣದ ಉಚಿತ ತಪಾಸಣೆಯಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದ ಮೇಲೆ. ದಿನಾ ನಲವತ್ತು ನಿಮಿಷ ನಡೆಯಿರಿ ಎಂದಿದ್ದರು ವೈದ್ಯರು. ಒಂದು ವಾರ ನಡೆದು ನೋಡಿದ ಭೀಮರಾಜರಿಗೆ ಅದು ಒಗ್ಗಲಿಲ್ಲ. "ನಡೆದ್ರೆ ಯಾರ್ದೋ ಮನೆ ಹಸ ನೋಡಕ್ ಹೋದಂಗೇ ಇರ್ತದೆ. ಓಡಿದ್ರೆ ಮಾತ್ರ ನನಗೋಸ್ಕರ ಹೋದಂಗೆ" ಎಂದು ಕವಿತ ಅವರಿಗೆ ಹೇಳಿದರಂತೆ. ಹೊತ್ತು ಗೊತ್ತಿಲ್ಲದೆ ಯಾರು ಕರೆದರೂ ಹೋಗಬೇಕಾದ ಕೆಲಸದವರಿಗೆ ಬೆಳಗಿನ ಆ ನಲವತ್ತು ನಿಮಿಷದ ಬೆಲೆ ಏನೆಂದು ಅನುಭವಿಸಿದವರೇ ಬಲ್ಲರು.

ಮೊದಮೊದಲು ಇದರಿಂದ ಊರಿಗೆ ಗಾಬರಿಯಾಯಿತು. ಪಶು ಆಸ್ಪತ್ರೆಯವರು ಬೆಳಗಿನ ಜಾವ ಓಡುತ್ತಿದ್ದಾರೆ ಎಂದರೆ ಎಲ್ಲೋ ಹಸುವಿಗೆ ಪ್ರಾಣಸಂಕಟ ಎಂದೇ ಅರ್ಥವಲ್ಲವೇ? ಮುನಿವೆಂಕಟಪ್ಪ ಎಂಬ ರೈತರು ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡೇ, ಲುಂಗಿ ಎತ್ತಿ ಕಟ್ಟಿ, ಎಂಟು ಕಂಬದಷ್ಟು ದೂರ ಇವರ ಹಿಂದೆ ಓಡಿ, ಏದುಸಿರು ಬಿಡುತ್ತಾ, "ಯಾರ ಮನೇದು ಸಾರ್? ನಮ್ದೂ ಗಬ್ಬದ ಹಸ ಐತೆ, ಏನಾದ್ರೂ ರೋಗ ಬಂದೈತಾ?" ಎಂದು ಕೇಳಿದರು. "ಯಾರ ಮನೇದೂ ಅಲ್ಲ ಮುನಿವೆಂಕಟಪ್ಪ, ಇದು ನಂದೇ" ಎಂದರು ಭೀಮರಾಜ್. ಮುನಿವೆಂಕಟಪ್ಪನವರು ಆ ಉತ್ತರವನ್ನು ಒಪ್ಪಿಕೊಂಡಂತೆ ಕಾಣಲಿಲ್ಲ. ಆ ವಾರ ಎರಡು ಸಲ ತಮ್ಮ ಹಸುವನ್ನು ಆಸ್ಪತ್ರೆಗೆ ಹೊಡೆದುಕೊಂಡು ಬಂದರು.

ಎಂಟು ವರ್ಷ ಹೀಗೆ ನಡೆಯಿತು. ಒಮ್ಮೆ ಬೆಂಗಳೂರಿಗೆ ಹೋಗಿ ಹತ್ತು ಕಿಲೋಮೀಟರ್ ಓಡಿ, ಓಡಿದವರಿಗೆಲ್ಲ ಕೊಡುವ ಪದಕವೊಂದನ್ನು ತಂದಾಗ, ಅವರ ತಾಯಿ ಲಕ್ಕಮ್ಮನವರು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಊರ ದೇವತೆ ಸಪ್ಪಲಮ್ಮನ ಪಟದ ಮೊಳೆಗೆ ತೂಗುಹಾಕಿದರು. ಗಂಡನನ್ನು ಬೇಗ ಕಳೆದುಕೊಂಡು, ಎಮ್ಮೆ ಸಾಕಿ ಹಾಲು ಮಾರಿ ಒಬ್ಬನೇ ಮಗನನ್ನು ಓದಿಸಿದ ಹೆಂಗಸು. ಬೆಳಗ್ಗೆ ಮಗ ಓಡಲು ಹೊರಟಾಗ ಜಗಲಿಯ ಮೇಲೆ ಕುಳಿತು, ಅವನು ಏರಿಯ ತಿರುವಿನಲ್ಲಿ ಮರೆಯಾಗುವ ತನಕ ನೋಡುವುದು ಅವರ ನಿತ್ಯದ ಪೂಜೆಯ ಒಂದು ಭಾಗವೇ ಆಗಿತ್ತು. ಮಗನಿಗೆ ಸಕ್ಕರೆ ಕಾಯಿಲೆ ಇದೆ ಎಂಬುದನ್ನು ಅವರು ಮನಸಾರೆ ನಂಬಿರಲೇ ಇಲ್ಲ, ಕಾಯಿಲೆಯವರು ಅಷ್ಟು ಚೆನ್ನಾಗಿ ಓಡುತ್ತಾರೆಯೇ ಎಂಬುದು ಅವರ ವಾದ.

ನಲವತ್ತೊಂಬತ್ತನೆಯ ವಯಸ್ಸಿನ ಜನವರಿಯಲ್ಲಿ, ನಲವತ್ತನೆಯ ಕಂಬದ ಹತ್ತಿರ ಭೀಮರಾಜ್ ಎದೆ ಹಿಡಿದುಕೊಂಡು ಕುಸಿದರು. ಬಿಸ್ಕತ್ತಿನ ನಾಯಿಗಳು ಸುತ್ತ ನಿಂತು ಬೊಗಳಿದ್ದರಿಂದ ಹಾಲಿನ ಡೈರಿಗೆ ಹೊರಟಿದ್ದವರು ತಿರುಗಿ ನೋಡಿದರು. ಇಲ್ಲದಿದ್ದರೆ ಈ ಚಿತ್ರ ಇಲ್ಲಿಗೇ ಮುಗಿಯುತ್ತಿತ್ತು. ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದರು. ಮಗ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿದ್ದಾಗ ಲಕ್ಕಮ್ಮನವರು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಮನೆಯ ಕಂಬಕ್ಕೆ ಬಿಗಿದು ಹರಕೆ ಹೊತ್ತರು. ಮಗ ಎದ್ದು ಬಂದರೆ, ಮೊದಲಿನಂತೆ ಓಡಿದರೆ, ಸಪ್ಪಲಮ್ಮನ ಕೊಂಡ ಹಾಯಿಸುತ್ತೇನೆ ಎಂದು.

ಎದ್ದು ಬಂದರು. ಆದರೆ ಮತ್ತೆ ಓಡುವುದಿದೆಯಲ್ಲ, ಅದು ಎದ್ದು ಬರುವುದಕ್ಕಿಂತ ಕಷ್ಟವಾಯಿತು. ವೈದ್ಯರು ಪರೀಕ್ಷೆ ಮಾಡಿ ನಿಧಾನವಾಗಿ ಓಡಬಹುದು ಎಂದರೂ ಅವರ ಧೈರ್ಯ ಓಡಲೊಲ್ಲದು. ಎದೆಯ ಪ್ರತಿ ಬಡಿತವನ್ನೂ ಅನುಮಾನದಿಂದ ಕೇಳಿಸಿಕೊಳ್ಳುವ ಮನುಷ್ಯನಿಗೆ ಒಂದು ಕಂಬವೆಂದರೆ ಒಂದು ಹರದಾರಿ. ಮೊದಲ ದಿನ ಒಂದೇ ಕಂಬ ಓಡಿ ಮರಳಿದರು. ತಿಂಗಳಾದ ಮೇಲೆ ಆರು. "ಮುಂಚೆ ಕಾಲೊಂದನ್ನ ಒಪ್ಪಿಸಿದ್ರೆ ಸಾಕಿತ್ತು, ಈಗ ಎದೇನೂ ಒಪ್ಪಿಸ್ಬೇಕು" ಎಂದು ಕವಿತ ಅವರ ಹತ್ತಿರ ಹೇಳಿಕೊಂಡರು. ಎಷ್ಟೋ ಬೆಳಗು ಹಾಸಿಗೆಯಲ್ಲಿ ಕಣ್ಣು ಬಿಟ್ಟು ಮಲಗಿ, ಬೇಡ ಎಂದುಕೊಂಡು, ಮತ್ತೆ ಕೋಟು ಹಾಕಿಕೊಂಡು ಹೊರಟವರು. ಮಾತಿನಿಂದಲೇ ಮೂರು ವರ್ಷದಲ್ಲಿ ಮೂವತ್ತು ಕಂಬದವರೆಗೆ ತಮ್ಮನ್ನು ತಾವು ಪುಸಲಾಯಿಸಿಕೊಂಡು ಹೋದರು. ಆಗ ಲಕ್ಕಮ್ಮನವರು, ಇನ್ನು ಹರಕೆ ತೀರಿಸುವ ಕಾಲ ಬಂತು ಎಂದರು.

ನಮ್ಮ ಕಡೆಯ ಕೊಂಡ ನೋಡದವರಿಗಾಗಿ ಎರಡು ಮಾತು. ದೇವಸ್ಥಾನದ ಮುಂದೆ ಹದಿನೈದು ಅಡಿ ಉದ್ದದ ಗುಂಡಿ ತೋಡಿ, ಹುಣಸೆಯ ಸೌದೆಯನ್ನು ಉರಿಸಿ ಕೆಂಡ ಮಾಡಿರುತ್ತಾರೆ. ಹರಕೆ ಹೊತ್ತವರು ಉಪವಾಸವಿದ್ದು, ಒದ್ದೆ ಬಟ್ಟೆಯಲ್ಲಿ, ಬರಿಗಾಲಲ್ಲಿ ಅದರ ಮೇಲೆ ದಾಟಬೇಕು. ಮಾತಿಗೆ ನಡಿಗೆ ಎನ್ನುತ್ತಾರಾದರೂ ಯಾರೂ ಅಲ್ಲಿ ನಡೆಯುವುದಿಲ್ಲ. ದೇವರ ಹೆಸರು ಕೂಗುತ್ತಾ ಐದಾರು ಹೆಜ್ಜೆಯಲ್ಲಿ ಧಾವಿಸಿಬಿಡುತ್ತಾರೆ. ಭೀಮರಾಜರಿಗೆ ಇದರಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೆ ಎಂಬತ್ತರ ಹತ್ತಿರದ ತಾಯಿ, ಗಂಟು ಬಿಚ್ಚಲು ಕಾದಿರುವ ಮುಡಿಪು. ಆಗಲ್ಲ ಎನ್ನುವುದು ಹೇಗೆ?

ಕೊಂಡದ ದಿನ ಬೆಳಗಿನ ಏಳು ಗಂಟೆಗೆ ಅವರು ಕೆಂಡಕ್ಕೆ ಇಳಿದರು. ಇಳಿದವರು ಓಡಲಿಲ್ಲ. ಎಲ್ಲರೂ ಕಣ್ಣು ಬಿಟ್ಟು ನೋಡುತ್ತಿರುವಂತೆಯೇ, ಅಂಗಳದಲ್ಲಿ ನಡೆದಷ್ಟು ನಿಧಾನವಾಗಿ, ಒಂದೊಂದೇ ಹೆಜ್ಜೆಯನ್ನು ಊರಿ ಆ ತುದಿಗೆ ಹೋಗಿ ನಿಂತರು. ತಮಟೆ ಬಡಿಯುವವರು ಕೂಡ ಒಂದು ಕ್ಷಣ ಕೈ ತಡೆದರು. ಅವರಿಗೆ ಬೆಂಕಿ ತಾಕಿದ್ದೇ ತಿಳಿಯಲಿಲ್ಲ. ಹೆಂಗಸರು ಬಂದು ಅವರ ಕಾಲಿಗೆ ನೀರು ಹಾಕಿದರು, ಅರಿಶಿನ ಬಳಿದರು. ಲಕ್ಕಮ್ಮನವರು ಅಳುತ್ತಾ ಮಗನ ಪಾದದ ಮೇಲೆ ತಲೆ ಇಟ್ಟರು.

ಆ ಮೇಲಿನ ಮೂರು ದಿನ ಭೀಮರಾಜರ ಬದುಕಿನ ಅತ್ಯಂತ ಸಂತೋಷದ ದಿನಗಳು. ಅವರು ಮೊದಲ ಬಾರಿಗೆ ನಂಬಿದ್ದರು. ಸತ್ತು ಬದುಕಿದ ತನ್ನನ್ನು ಯಾವುದೋ ಶಕ್ತಿ ಕೈಹಿಡಿದು ನಡೆಸುತ್ತಿದೆ, ಇನ್ನು ಎದೆಗೆ ಹೆದರಬೇಕಾಗಿಲ್ಲ ಎಂಬ ಭರವಸೆ ಬಂದಿತ್ತು. ಮರುದಿನ ಬೆಳಗ್ಗೆಯೇ ಬೂಟು ಹಾಕಿಕೊಂಡು ಹೊರಟರು. ಮೂವತ್ತಲ್ಲ, ಐವತ್ತು ಕಂಬ ಓಡಿದರು. ಅದರ ಮರುದಿನ ಅರವತ್ತೆರಡೂ ಆಯಿತು. ಏರಿಯ ಮೇಲೆ ಸಿಕ್ಕವರಿಗೆ, "ಹಿಂಗೆ ಯಾವತ್ತೂ ಓಡಿಲ್ಲ ಸಾರ್, ಕಾಲೇ ಇಲ್ವೇನೋ ಅನ್ನಂಗೆ ಹಗುರ" ಎಂದರು. ನಾವೂ ಸಂತೋಷಪಟ್ಟೆವು, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಕಾಲುಚೀಲ ಒಗೆಯಲು ತೆಗೆದುಕೊಂಡ ಕವಿತ, ತಳಕ್ಕೆ ಮೆತ್ತಿದ್ದ ಕೀವು ಕಂಡು ಅದನ್ನು ಕೆಳಗೆ ಹಾಕಿ ಕೂಗಿಕೊಂಡರು. ಮನೆಯಲ್ಲಿ ಎರಡು ದಿನದಿಂದ ಒಂದು ವಾಸನೆ ಇತ್ತು. ಭೀಮರಾಜ್ ಅದನ್ನು ಚೆನ್ನಾಗಿ ಬಲ್ಲರು, ಗೊರಸು ಕೊಳೆತ ಹಸುಗಳ ಹತ್ತಿರ ಬರುವ ವಾಸನೆ. ಕೋಟಿಗೆ ಮೆತ್ತಿಕೊಂಡು ಬಂದಿರಬೇಕು ಎಂದು ಕೋಟನ್ನು ಹಿತ್ತಿಲಿಗೆ ಹಾಕಿದ್ದರು. ಸಾವಿರಾರು ಗೊರಸುಗಳನ್ನು ಎತ್ತಿ ತಿರುಗಿಸಿ ನೋಡಿದ ಮನುಷ್ಯ ತನ್ನ ಪಾದವನ್ನು ತಿರುಗಿಸಿ ನೋಡಿಕೊಂಡಿರಲಿಲ್ಲ.

ಹೊಸಕೋಟೆಯ ವೈದ್ಯರು ಅವರನ್ನು ಗೋಡೆಯ ಕಡೆಗೆ ತಿರುಗಿಸಿ ಕೂರಿಸಿ, ಪಾದಕ್ಕೆ ಸೂಜಿಯಿಂದ ಚುಚ್ಚಿದರು. "ಗೊತ್ತಾಗ್ತಿದೆಯಾ?" ಎಂದು ಕೇಳಿದಾಗ ಭೀಮರಾಜ್, "ಏನು ಸಾರ್?" ಎಂದರು. ಹನ್ನೊಂದು ವರ್ಷದ ಸಕ್ಕರೆ ಪಾದದ ನರಗಳನ್ನು ಸದ್ದಿಲ್ಲದೆ ಕೊಂದುಹಾಕಿತ್ತು. ನಡೆಯುವಾಗ ಚಪ್ಪಲಿ ಕಳಚಿ ಬಿದ್ದದ್ದು ತಿಳಿಯದೆ ಮುಂದೆ ಹೋಗಿಬಿಡುತ್ತಿದ್ದುದನ್ನು ಅವರು ವಯಸ್ಸಿನ ಮರೆವು ಎಂದುಕೊಂಡಿದ್ದರು. ಕೆಂಡ ಎಲ್ಲರನ್ನೂ ಸುಡುವಂತೆಯೇ ಸುಟ್ಟಿತ್ತು, ಅವರು ನಿಧಾನವಾಗಿ ನಡೆದದ್ದರಿಂದ ಎಲ್ಲರಿಗಿಂತ ಹೆಚ್ಚೇ ಸುಟ್ಟಿತ್ತು. ಆ ಸುಟ್ಟ ಕಾಲಿನಲ್ಲಿಯೇ ಮೂರು ದಿನ ಓಡಿದ್ದರು. ಎಡಗಾಲಿನ ಎರಡು ಬೆರಳನ್ನು ತೆಗೆಯಬೇಕಾಯಿತು. ಓಟ ಇನ್ನು ಯಾವತ್ತಿಗೂ ಬೇಡ, ನೋವು ತಿಳಿಯದ ಕಾಲು ಓಡಿದರೆ ಮುಂದಿನ ಸಲ ಪಾದವೇ ಹೋಗುತ್ತದೆ, ಮೆತ್ತನೆಯ ಈ ಬೂಟು ಹಾಕಿಕೊಂಡು ನಡೆಯಿರಿ ಎಂದರು ವೈದ್ಯರು.

ಲಕ್ಕಮ್ಮನವರು ಆಸ್ಪತ್ರೆಗೆ ಬರುವಷ್ಟರಲ್ಲಿ ಎರಡೂ ಕಾಲಿಗೆ ಬಿಳಿ ಬಟ್ಟೆ ಸುತ್ತಿಯಾಗಿತ್ತು. ಬಾಗಿಲಲ್ಲಿ ತಾಯಿಯ ಮುಖ ಕಂಡದ್ದೇ ಭೀಮರಾಜ್, "ಸೀಮೆ ಹಸ ತುಳಿದ್ಬಿಡ್ತು ಕಣಮ್ಮಾ" ಎಂದುಬಿಟ್ಟರು. ಮೊದಲೇ ಯೋಚಿಸಿ ಇಟ್ಟುಕೊಂಡ ಸುಳ್ಳಾಗಿರಲಿಲ್ಲ. "ಯಾರ ಮನೇದ್ಲಾ ಅದು? ಕಟ್ಟಿ ಹಾಕ್ಬಾರ್ದಾ?" ಎಂದು ತಾಯಿ ಕೆರಳಿದಾಗ, ಪಾಪ, ಊರಿನವರ ಮೇಲೆ ಹೊರಿಸಲು ಮನಸ್ಸು ಬಾರದೆ, "ಕೋಲಾರದ ಕಡೇದು" ಎಂದರು. ಕೋಲಾರದ ಆ ಹಸುವನ್ನು ಲಕ್ಕಮ್ಮನವರು ಬಹಳ ದಿನ ಬೈದರು.

ಸುಳ್ಳು ನಿಂತಿತು, ಆದರೆ ಅದರ ಕೆಳಗೆ ಭೀಮರಾಜ್ ನುಗ್ಗಾದರು. ಏಕೆಂದರೆ ಲಕ್ಕಮ್ಮನವರು ಮನೆಗೆ ಬಂದವರಿಗೆಲ್ಲ, "ಅಂಥಾ ಕೆಂಡಾನೇ ನನ್ನ ಮಗನ್ನ ಮುಟ್ಟಲಿಲ್ಲ ಕಣವ್ವಾ, ಸಪ್ಪಲಮ್ಮ ತಾಯಿ ಅಂಗೈ ಮೇಲೆ ನಡೆಸಿದ್ಳು" ಎಂದು ಹೇಳುತ್ತಿದ್ದರು. ಜ್ವರದ ಕೂಸುಗಳನ್ನು ಎತ್ತಿಕೊಂಡು ಬಂದ ಹೆಂಗಸರು, ಪಟ್ಟಿ ಕಟ್ಟಿದ ಆ ಕಾಲುಗಳಿಗೆ ದೂರದಿಂದ ಕೈಮುಗಿದು ಹೋಗುತ್ತಿದ್ದರು. ಅವರು ಹೋದ ಮೇಲೆ ಭೀಮರಾಜ್ ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದರು.

ಗಾಯ ಮಾಗಿ ಮೆತ್ತನೆಯ ಬೂಟು ಬಂದ ಮೇಲೆ, ಲಕ್ಕಮ್ಮನವರು ಬೆಳಗ್ಗೆ ಮತ್ತೆ ಜಗಲಿಗೆ ಬಂದು ಕುಳಿತರು. ಬೆಂಕಿಯಿಂದ ಪಾರಾದ ಮಗನನ್ನು ಒಂದು ಹಸುವಿನ ಗೊರಸು ತಡೆಯುತ್ತದೆ ಎಂದು ಅವರು ಎಣಿಸಿರಲಿಲ್ಲ. ಓಡುವುದಿಲ್ಲ ಎಂದರೆ ಏಕೆ ಎಂದು ಹೇಳಬೇಕಾಗುತ್ತದೆ. ಹಾಗಾಗಿ ಭೀಮರಾಜ್ ದಿನಾ ಅದೇ ಹೊತ್ತಿಗೆ ಕೋಟು ಹಾಕಿಕೊಂಡು ಓಡುವವರಂತೆ ಹೊರಡುತ್ತಿದ್ದರು. ತಿರುವು ದಾಟಿದ ಮೇಲೆ ಕೆರೆಯ ತೂಬಿನ ಕಲ್ಲಿನ ಮೇಲೆ ಕುಳಿತುಬಿಡುತ್ತಿದ್ದರು. ನಡೆಯಬಹುದಿತ್ತು, ನಡೆಯುತ್ತಿರಲಿಲ್ಲ. ನಾಯಿಗಳು ಸ್ವಲ್ಪ ಹೊತ್ತು ಎದುರಿಗೆ ಕೂತು, ಬಿಸ್ಕತ್ತು ತಿಂದು, ಬೇಜಾರಾಗಿ ಎದ್ದುಹೋಗುತ್ತಿದ್ದವು. ನಲವತ್ತು ನಿಮಿಷ ಕಳೆದ ಮೇಲೆ ಅವರು ಕೆರೆಯ ನೀರನ್ನು ಕುತ್ತಿಗೆಗೆ, ಹಣೆಗೆ ಚಿಮುಕಿಸಿಕೊಂಡು, ಬೆವರಿದವರಂತೆ ಮನೆಗೆ ಮರಳುತ್ತಿದ್ದರು. ಏರಿಯ ಮೇಲೆ ವಾಕಿಂಗ್ ಹೋಗುವ ನಾವು ಇದನ್ನು ಕಂಡೂ ಕಾಣದಂತೆ ಮುಂದೆ ಹೋಗುತ್ತಿದ್ದೆವು. ಅಂಥ ಬೆನ್ನನ್ನು ಮಾತಾಡಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಹೀಗೆ ಹತ್ತು ತಿಂಗಳು. ಮತ್ತೆ ಕೊಂಡದ ದಿನ ಹತ್ತಿರ ಬಂದಾಗ, ಒಂದು ಮಧ್ಯಾಹ್ನ ಊಟಕ್ಕೆ ಕುಳಿತ ಮಗನಿಗೆ ಲಕ್ಕಮ್ಮನವರು, "ಇನ್ನೊಂದ್ ಮುಡಿಪು ಕಟ್ಟಿದೀನಿ ಕಣಪ್ಪಾ. ಈ ಸಲಾನೂ ಹಾಯ್ದ್ಬಿಡು, ಕಾಲು ಮುಂಚಿನಂಗಾಗ್ತದೆ" ಎಂದರು. ಬಡಿಸುತ್ತಿದ್ದ ಕವಿತ ಸೌಟನ್ನು ಪಾತ್ರೆಗೆ ಹಾಕಿದರು. ಅತ್ತೆ ಒಳಗೆ ಹೋದ ಮೇಲೆ ಗಂಡನಿಗೆ, "ನೀವ್ ಹೇಳ್ತೀರಾ, ನಾನ್ ಹೇಳ್ಲಾ?" ಎಂದು ಕೇಳಿದರು. ಭೀಮರಾಜ್ ಎರಡು ದಿನ ಇದನ್ನೇ ತೂಗಿ ನೋಡಿದರು. ಕೆಂಡಕ್ಕೆ ಮತ್ತೆ ಇಳಿದರೆ ಕಾಲು ಹೋಗುತ್ತದೆ. ಹೇಳಿದರೆ, ಆಕೆ ಈ ಒಂದು ವರ್ಷ ಯಾವುದನ್ನು ನೆಚ್ಚಿಕೊಂಡು ಉಂಡು ಮಲಗಿದ್ದರೋ ಅದು ಹೋಗುತ್ತದೆ. ಕಾಲನ್ನೇ ಕೊಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತ್ತಂತೆ.

ಮೂರನೆಯ ದಿನ ಸಂಜೆಯ ಬಿಸಿಲಲ್ಲಿ, ಜಗಲಿಯ ಮೇಲೆ ತಾಯಿಯ ಪಕ್ಕ ಕುಳಿತು ಕಾಲನ್ನು ಅವರ ಮಡಿಲಿಗೆ ಇಟ್ಟರು. "ಅಮ್ಮಾ, ನಾನು ಆ ಕಡೆ ತಿರುಗ್ಕೊಂತೀನಿ. ನೀನು ಚಿವುಟು, ಎಲ್ಲಿ ಅಂತ ನಾನು ಹೇಳ್ತೀನಿ" ಎಂದರು. ಐವತ್ತಮೂರರ ಮಗನಿಗೆ ಇದೇನು ಮಕ್ಕಳಾಟ ಎಂದು ಲಕ್ಕಮ್ಮ ನಕ್ಕರು. ನಗುತ್ತಲೇ ಚಿವುಟಿದರು. ಮಗ ಬೀದಿಯ ಕಡೆ ನೋಡುತ್ತಾ ಸುಮ್ಮನಿದ್ದರು. ಇನ್ನೊಮ್ಮೆ ಚಿವುಟಿದರು. ಮೂರನೆಯ ಸಲ ಉಗುರು ಊರಿ ಚಿವುಟಿದರು.

"ಚಿವುಟಿದ್ಯಾ ಅಮ್ಮಾ?" ಎಂದರು ಭೀಮರಾಜ್.

ಆಕೆಯ ನಗು ನಿಂತಿತು. ಮಂದವಾದ ಕಣ್ಣನ್ನು ನೆಚ್ಚದೆ, ಬೆರಳಿನಿಂದ ಮಗನ ಅಂಗಾಲನ್ನು ತುದಿಯಿಂದ ಹಿಮ್ಮಡಿಯ ತನಕ ತಡವಿದರು. ಅರವತ್ತು ವರ್ಷ ಒಲೆಯ ಮುಂದೆ ಕಳೆದ ಕೈಗೆ ಸುಟ್ಟು ಮಾಗಿದ ಚರ್ಮ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

"ಅವತ್ತೂ ಹಿಂಗೇನಾ?"

"ಹೂಂ."

"ಹಸ ತುಳೀಲಿಲ್ವಾ?"

"ಇಲ್ಲಮ್ಮಾ."

ಲಕ್ಕಮ್ಮ, "ಹಂಗಾದ್ರೆ ಆ ತಾಯಿ ನಿನ್ ಕೈ ಹಿಡ್ಕೊಂಡಿರಲಿಲ್ಲ" ಎಂದರು. ಅದನ್ನು ಅವರು ಕೇಳಲಿಲ್ಲ, ಹೇಳಿದರು. ಭೀಮರಾಜ್, "ಆಸ್ಪತ್ರೇಲಿ ಪ್ರಾಣ ಹಿಡ್ಕೊಂಡ್ಳಲ್ಲಮ್ಮಾ. ಕಾಲನ್ನ ನಾನೇ ನೋಡ್ಕೋಬೇಕಿತ್ತು" ಎಂದರು. ಆಕೆ ಅದಕ್ಕೆ ಒಪ್ಪಲಿಲ್ಲ, ಇಲ್ಲವೆನ್ನಲೂ ಇಲ್ಲ. "ನಾನೇ ಕಣಪ್ಪಾ ಬೆಂಕೀಗೆ ಇಳಿಸಿದ್ದು" ಎಂದಷ್ಟೇ ಹೇಳಿ ಕಾಲನ್ನು ಮೆಲ್ಲನೆ ಮಡಿಲಿಂದ ಇಳಿಸಿ ಒಳಗೆ ಹೋದರು. ಆ ದಿನ ಉಣ್ಣಲಿಲ್ಲ.

ಮರುದಿನ ಬೆಳಗ್ಗೆ ಭೀಮರಾಜ್ ಏಳಲಿಲ್ಲ. ಇನ್ನು ಯಾರನ್ನು ನಂಬಿಸಬೇಕು? ಓಟ ಹೋಗಿತ್ತು. ಓಟದ ನಟನೆಗೂ ಈಗ ಕೆಲಸವಿರಲಿಲ್ಲ. ಗೋಡೆ ನೋಡುತ್ತಾ ಮಲಗಿದ್ದವರಿಗೆ ಹೊಸ್ತಿಲ ಹತ್ತಿರ ಏನೋ ಸದ್ದು ಕೇಳಿಸಿತು. ತಿರುಗಿದರೆ, ಲಕ್ಕಮ್ಮನವರು ಬೂಟುಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ಒಂದು ಬೂಟಿನೊಳಗೆ ಮಣಿಕಟ್ಟಿನವರೆಗೆ ಕೈ ಇಳಿಸಿ, ತುದಿಯಿಂದ ಹಿಮ್ಮಡಿಯ ತನಕ ಬೆರಳಾಡಿಸಿ, ಒಂದು ಸಣ್ಣ ಹರಳನ್ನು ಹೆಕ್ಕಿ ಹೊರಗೆ ಹಾಕಿದರು. ಇನ್ನೊಂದನ್ನೂ ಹಾಗೆಯೇ ನೋಡಿದರು. ಬೂಟಿನಲ್ಲಿ ಹರಳಿದ್ದರೆ ಆ ಕಾಲಿಗೆ ತಿಳಿಯುವುದಿಲ್ಲ, ತಿಳಿಯದೆ ಹುಣ್ಣಾಗುತ್ತದೆ ಎಂದು ವೈದ್ಯರು ಹೇಳಿದ್ದುದನ್ನು ಆಕೆ ಸೊಸೆಯನ್ನು ಕೇಳಿ ತಿಳಿದುಕೊಂಡಿದ್ದರು. ಎರಡನ್ನೂ ಮಗನ ಹಾಸಿಗೆಯ ಪಕ್ಕ ಜೋಡಿಸಿಟ್ಟು, "ಏಳು. ಇವತ್ತು ಕಲ್ಲಿನ ಮೇಲೆ ಕೂತ್ಕೊಂಡ್ ಬರ್ಬೇಡ. ನಡ್ಕೊಂಡ್ ಹೋಗಿ ಬಾ" ಎಂದರು.

ಕಲ್ಲಿನ ವಿಷಯ ಆಕೆಗೆ ಎಂದಿನಿಂದ ಗೊತ್ತು ಎಂದು ಭೀಮರಾಜ್ ಕೇಳಲಿಲ್ಲ. ಎದ್ದು ಬೂಟು ಹಾಕಿಕೊಂಡರು.

ಅಂದಿನಿಂದ ನಡೆಯುತ್ತಿದ್ದಾರೆ. ನಡಿಗೆ ಅವರಿಗೆ ಇಂದಿಗೂ ಒಗ್ಗಿಲ್ಲ. ನಮ್ಮನ್ನು ದಾಟಿ ಯಾವನಾದರೂ ಹುಡುಗ ಓಡಿಹೋದರೆ ಅವರು ಕೆರೆಯ ಕಡೆಗೆ ಮುಖ ತಿರುಗಿಸುತ್ತಾರೆ. ಮನೆಗೆ ಮರಳಿದ ಮೇಲೆ ಲಕ್ಕಮ್ಮನವರು ಅವರ ಪಾದವನ್ನು ಮಡಿಲಿಗೆ ತೆಗೆದುಕೊಂಡು ಬೆರಳಿನಿಂದ ಇಂಚಿಂಚೂ ತಡವಿ ನೋಡುತ್ತಾರೆ, ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆಯೇ ಕಾಫಿ ಕುಡಿಯುತ್ತಾರೆ.

ಹೀಗೆ ಬಿದ್ದು ಬಿದ್ದು ಏಳುವವರನ್ನು ನಾವು ಛಲಗಾರರೆಂದು ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಕಳೆದದ್ದನ್ನು ಮರಳಿ ಪಡೆಯುವವರಿಗೆ ಆ ಮಾತು ಸಲ್ಲುತ್ತದೇನೋ. ಇನ್ನು ಬಾರದು ಎಂದು ತಿಳಿದ ಮೇಲೂ ಅದರ ಹೊತ್ತಿಗೆ ಎದ್ದು ಬಾಗಿಲು ತೆರೆಯುವ ಮಂದಿ ಊರಿಗೊಬ್ಬರು ಇಬ್ಬರು ಇರುತ್ತಾರೆ. ಅವರ ಸಂಕಟಕ್ಕೆ ನಾವಿನ್ನೂ ಹೆಸರಿಟ್ಟಿಲ್ಲ. ಆರೋಗ್ಯದ ಆಸೆ ಅವರನ್ನು ಎಬ್ಬಿಸುತ್ತದೆ ಎಂದು ನಾನು ಈಗ ನಂಬುವುದಿಲ್ಲ. ಮನೆಯಲ್ಲಿ ಅವರಿಗಿಂತ ಮೊದಲು ಎದ್ದು, ಪ್ರೀತಿಯಿಂದಲೇ ಕೆಡುಕು ಮಾಡಿಬಿಟ್ಟೆನಲ್ಲ ಎಂದು ಕೊರಗುತ್ತಾ ಕುಳಿತ ಒಂದು ಜೀವವಿರುತ್ತದೆ. ಆ ಜೀವ ಇವತ್ತಾದರೂ ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿಯಲಿ ಎಂದು ಅವರು ನಡೆಯುತ್ತಾರೆ.